ಕೋರಮಂಡಲ್ ಜೇಬಿಗೊಂದು ಸಿಂಗಲ್ ಮಾಲ್ಟ್

ಕೆಜಿಎಫ್‌ನಲ್ಲಿ ಸಿಂಗಲ್ ಮಾಲ್ಟ್ ಕೊಳ್ಳುವವರು ಕಡಿಮೆ. ಕೊಳ್ಳುವವರೂ ಕೇಳುವುದು ಎರಡೇ ಪ್ರಶ್ನೆ. ‘ಅಣ್ಣಾ, ಇದು ಸ್ಕಾಚಾ?’ ‘ಎಷ್ಟು ವರ್ಷದ್ದು?’ ದುಡ್ಡು ಧಾರಾಳವಾಗಿ ಇದ್ದವರು ಇಷ್ಟು ಕೇಳಿಕೊಂಡು ಹೋದರೂ ನಷ್ಟವಿಲ್ಲ, ಹೇಗೋ ಒಂದು ಒಳ್ಳೆಯ ಬಾಟ್ಲಿ ಸಿಕ್ಕೇ ಸಿಗುತ್ತದೆ. ಎಣಿಸಿ ಖರ್ಚು ಮಾಡುವವರನ್ನು ಮಾತ್ರ ಈ ಎರಡೂ ಪ್ರಶ್ನೆಗಳು ದಾರಿ ತಪ್ಪಿಸುತ್ತವೆ ಎಂಬುದು ನನ್ನ ವಾದ. ಅವರು ಮೊದಲು ಓದಬೇಕಾದ್ದು ಲೇಬಲ್ಲಿನ ಮೂಲೆಯಲ್ಲಿ ಸಣ್ಣಗೆ ಅಚ್ಚಾಗಿರುವ ಆಲ್ಕೋಹಾಲ್ ಅಂಶದ ಅಂಕಿಯನ್ನು.

ಸ್ಕಾಚ್ ಮೋಹ ಈ ಊರಿಗೆ ಬಂದದ್ದರಲ್ಲಿ ಆಶ್ಚರ್ಯವೇನಿಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಚಿನ್ನದ ಗಣಿಗಾರಿಕೆಗೆಂದು ಇಲ್ಲಿ ಕಾಲಿಟ್ಟ ಮೇಲೆ ಬಂಗಲೆ, ಕ್ಲಬ್ಬು, ಗಾಲ್ಫ್ ಮೈದಾನ ಎಲ್ಲ ಎದ್ದವು. ಸ್ಕಾಚ್ ಬ್ರಿಟಿಷ್ ದೊರೆಗಳ ಮೇಜಿನ ಮೇಲಿನ ಪದಾರ್ಥ, ಸಾರಾಯಿ ಕಾರ್ಮಿಕರ ಲೈನ್ ಮನೆಗಳದ್ದು. 2001ರ ಫೆಬ್ರುವರಿಯಲ್ಲಿ ಗಣಿ ಮುಚ್ಚಿತು, 2007ರಲ್ಲಿ ರಾಜ್ಯದಲ್ಲಿ ಸಾರಾಯಿಯೂ ನಿಂತಿತು. ಸಾರಾಯಿ ಇದ್ದ ಜಾಗಕ್ಕೆ ಅಗ್ಗದ ವಿಸ್ಕಿಯ ಟೆಟ್ರಾ ಪ್ಯಾಕು ಬಂತು. ಗಣಿ ಕಾರ್ಮಿಕರ ಮಕ್ಕಳು ಬೆಳಗಿನ ಜಾವದ ರೈಲಿಗೆ ಮಾರಿಕುಪ್ಪಂನಲ್ಲೋ ಕೋರಮಂಡಲ್‌ನಲ್ಲೋ ಹತ್ತಿ ಬಂಗಾರಪೇಟೆ ಮೇಲೆ ಬೆಂಗಳೂರಿಗೆ ದುಡಿಯಲು ಹೋಗುತ್ತಾರೆ. ಅವರಲ್ಲಿ ಒಬ್ಬರಿಗೆ ಬಡ್ತಿ ಸಿಕ್ಕಾಗ, ತಂಗಿ ಮದುವೆ ಮುಗಿದಾಗ, ‘ಈ ಸಲ ಏನಾದ್ರೂ ಒಳ್ಳೇದು ತರೋಣ’ ಅನ್ನುವ ಮಾತು ಬರುತ್ತದೆ. ಈ ಬರಹ ಅವರಿಗೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ನಮ್ಮಲ್ಲಿ ವಿಸ್ಕಿ ಎಂದು ಮಾರಾಟವಾಗುವುದರಲ್ಲಿ ಬಹುಪಾಲು ಕಾಕಂಬಿಯಿಂದ ತೆಗೆದ ಮದ್ಯಸಾರಕ್ಕೆ ಒಂದಿಷ್ಟು ಮಾಲ್ಟ್ ಬೆರೆಸಿದ್ದು; ಯುರೋಪಿನಲ್ಲಿ ಅದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರಲು ಬಿಡುವುದಿಲ್ಲ. ಸಿಂಗಲ್ ಮಾಲ್ಟ್ ಅಂದರೆ ಮೊಳಕೆ ಬರಿಸಿದ ಬಾರ್ಲಿ ಒಂದನ್ನೇ ಬಳಸಿ, ಒಂದೇ ಡಿಸ್ಟಿಲರಿಯಲ್ಲಿ, ಪಾಟ್ ಸ್ಟಿಲ್ ಎಂಬ ತಾಮ್ರದ ಹಂಡೆಯಲ್ಲಿ ಬಟ್ಟಿ ಇಳಿಸಿ ಓಕ್ ಪೀಪಾಯಿಯಲ್ಲಿ ಮಾಗಿಸಿದ್ದು. ಲೇಬಲ್ಲಿನ ಮೇಲೆ ‘ಮಾಲ್ಟ್’ ಒಂದೇ ಇದ್ದು ‘ಸಿಂಗಲ್’ ಇಲ್ಲದಿದ್ದರೆ, ಡಬ್ಬ ಎಷ್ಟು ಹೊಳೆಯುತ್ತಿದ್ದರೂ ಅದು ಬೇರೆ ಸರಕು.

ಈಗ ಸ್ಕಾಚಿನ ಪ್ರಶ್ನೆ. ಹೊರಗಿನಿಂದ ಬರುವ ವಿಸ್ಕಿಗೆ ನಮ್ಮ ದೇಶ ಬಹುಕಾಲ ನೂರೈವತ್ತು ಶೇಕಡಾ ಆಮದು ಸುಂಕ ಹಾಕುತ್ತ ಬಂತು, ಅದರ ಮೇಲೆ ರಾಜ್ಯದ ಅಬಕಾರಿ. 2025ರ ಜುಲೈನಲ್ಲಿ ಬ್ರಿಟನ್ನಿನೊಂದಿಗೆ ಸಹಿಯಾದ ಒಪ್ಪಂದದ ಪ್ರಕಾರ ಈ ಸುಂಕ ಮೊದಲು 75ಕ್ಕೆ, ಹತ್ತು ವರ್ಷದ ಹೊತ್ತಿಗೆ 40ಕ್ಕೆ ಇಳಿಯಬೇಕು. ಇಳಿದರೂ, ಮಿತವಾದ ಬೆಲೆಯ ಸ್ಕಾಚ್ ಸಿಂಗಲ್ ಮಾಲ್ಟ್ ಕೊಂಡವರು ಕೊಟ್ಟ ಹಣದಲ್ಲಿ ದೊಡ್ಡ ಪಾಲು ಗ್ಲಾಸಿಗೆ ಬೀಳುವುದಿಲ್ಲ, ಖಜಾನೆಗೆ ಬೀಳುತ್ತದೆ.

ವಯಸ್ಸಿನ ಪ್ರಶ್ನೆ ಇದಕ್ಕಿಂತ ರುಚಿಕರ. ಸ್ಕಾಟ್ಲೆಂಡಿನ ಚಳಿಯಲ್ಲಿ ಪೀಪಾಯಿಯಿಂದ ವರ್ಷಕ್ಕೆ ಸುಮಾರು ಎರಡು ಶೇಕಡಾ ಆವಿಯಾಗಿ ಹೋಗುತ್ತದೆ. ‘ದೇವತೆಗಳ ಪಾಲು’ ಎಂದು ಅವರು ಅದಕ್ಕೆ ಮುದ್ದಿನ ಹೆಸರಿಟ್ಟಿದ್ದಾರೆ. ಬೆಂಗಳೂರಿನ ಹವೆಯಲ್ಲಿ ಅದೇ ಪಾಲು ಹತ್ತರಿಂದ ಹನ್ನೆರಡು ಶೇಕಡಾ. ಹನ್ನೊಂದು ಎಂದೇ ಇಟ್ಟುಕೊಂಡು ಲೆಕ್ಕ ಹಾಕಿ: ನೂರು ಲೀಟರ್ ತುಂಬಿಟ್ಟರೆ ಹನ್ನೆರಡು ವರ್ಷಕ್ಕೆ ಅಲ್ಲಿ ಎಪ್ಪತ್ತೆಂಟು ಲೀಟರ್ ಉಳಿಯುತ್ತದೆ, ಇಲ್ಲಿ ಇಪ್ಪತ್ತೈದು. ಬಿಸಿಲಿಗೆ ಮರದ ರಸವೂ ಅಷ್ಟೇ ಬೇಗ ವಿಸ್ಕಿಗಿಳಿಯುತ್ತದೆ. ಆದ್ದರಿಂದ ನಮ್ಮ ಡಿಸ್ಟಿಲರಿಗಳು ನಾಲ್ಕೈದು ವರ್ಷಕ್ಕೇ ಬಾಟ್ಲಿಗೆ ತುಂಬುತ್ತವೆ, ವಯಸ್ಸು ಬರೆಯಲು ಹಿಂಜರಿಯುತ್ತವೆ. ಲೇಬಲ್ಲಿನಲ್ಲಿ ವರ್ಷ ಇಲ್ಲವೆಂದು ನಮ್ಮ ಮಾಲ್ಟನ್ನು ಕೀಳೆಂದು ಬಗೆಯುವವರು ಚಳಿನಾಡಿನ ಅಳತೆಗೋಲು ಹಿಡಿದು ಇಲ್ಲಿನ ಬಿಸಿಲನ್ನು ಅಳೆಯುತ್ತಿದ್ದಾರೆ.

ಇನ್ನು ನಾನು ಹೇಳಿದ ಅಂಕಿ. ಹೆಸರುವಾಸಿಯಾದ ಆರಂಭಿಕ ಮಟ್ಟದ ಸ್ಕಾಚ್ ಮಾಲ್ಟುಗಳು ಹೆಚ್ಚಾಗಿ 40 ಶೇಕಡಾ ತೀಕ್ಷ್ಣತೆಯವು. ನಮ್ಮ ಸಾಮಾನ್ಯ ಕ್ವಾರ್ಟರಿನ ಮೇಲೆ ಕಾಣುವುದು 42.8. ಬೆಂಗಳೂರಿನ ಅಮೃತ್ ಡಿಸ್ಟಿಲರೀಸ್‌ನ ಸಾದಾ ‘ಇಂಡಿಯನ್ ಸಿಂಗಲ್ ಮಾಲ್ಟ್’ 46, ಅವರದೇ ‘ಫ್ಯೂಷನ್’ 50. ಫ್ಯೂಷನ್ನಿನ 750 ಎಂಎಲ್ ಬಾಟ್ಲಿಯನ್ನು ನೀರು ಹಾಕಿ 40ಕ್ಕೆ ಇಳಿಸಿದರೆ 937 ಎಂಎಲ್ ಆಗುತ್ತದೆ. ಅಂದರೆ ಒಂದು ಫುಲ್ ಬಾಟ್ಲಿಯೊಳಗೆ ಇನ್ನೊಂದು ಕ್ವಾರ್ಟರ್ ಅಡಗಿ ಕೂತಿದೆ! ಬಾಟ್ಲಿಯ ಬೆಲೆ ನೋಡಿ ಹೌಹಾರುವವರು ಈ ಲೆಕ್ಕವನ್ನು ಹಾಕುವುದೇ ಇಲ್ಲ. ಅಳತೆಯಲ್ಲೂ ಎಚ್ಚರ ಬೇಕು, ಟೆಟ್ರಾ ಪ್ಯಾಕಿನ ಸಿಕ್ಸ್ಟಿ ಎಂಎಲ್ ಫ್ಯೂಷನ್ನಿನಲ್ಲಿ ಐವತ್ತೊಂದಕ್ಕೇ ಮುಗಿಯುತ್ತದೆ.

46ರ ಗೆರೆಗೆ ಇನ್ನೊಂದು ಅರ್ಥವಿದೆ. ಅದಕ್ಕಿಂತ ಕೆಳಗಿಳಿಸಿದ ವಿಸ್ಕಿಗೆ ಐಸ್ ಬಿದ್ದರೆ ಮಬ್ಬು ಕಟ್ಟುತ್ತದೆ. ಗಿರಾಕಿ ‘ಇದೇನು ಕಲಗಚ್ಚು’ ಅಂದಾನೆಂದು ಕಂಪನಿಗಳು ಅದನ್ನು ಮೊದಲೇ ತಣ್ಣಗೆ ಮಾಡಿ ಸೋಸುತ್ತವೆ, ಆ ಸೋಸುವಿಕೆಯಲ್ಲಿ ನಾಲಗೆಗೆ ತುಂಬುವ ಎಣ್ಣೆಯಂಶವೂ ಒಂದಿಷ್ಟು ಹೋಗುತ್ತದೆ. ಹಾಗೆ ಸೋಸದ ಫ್ಯೂಷನ್ನನ್ನು ಮೂವತ್ತು ಎಂಎಲ್ ಸುರಿದು, ಚಮಚದಲ್ಲಿ ತಣ್ಣೀರು ಬಿಡುತ್ತ ಬೆಳಕಿಗೆ ಹಿಡಿದು ನೋಡಿ. ನೀರು ಇಳಿದ ಕಡೆ ಎಳೆಎಳೆಯಾಗಿ ಸುಳಿ ಏಳುತ್ತದೆ, ಐದಾರು ಚಮಚಕ್ಕೆ ಹೊಳಪು ಸ್ವಲ್ಪ ಮಂಕಾಗುತ್ತದೆ. ಅದು ದೋಷವಲ್ಲ, ನೀವು ದುಡ್ಡು ಕೊಟ್ಟದ್ದೇ ಅದಕ್ಕೆ.

ಅಮೃತ್ ಕಥೆ ನಮ್ಮ ಪೇಪರುಗಳಲ್ಲಿ ಹೆಮ್ಮೆಯಿಂದ ಬಂದಿದೆ. ರಾಧಾಕೃಷ್ಣ ಜಗದಾಳೆ 1948ರಲ್ಲಿ ಕಟ್ಟಿದ ಕಂಪನಿ, ಮೈಸೂರು ರಸ್ತೆಯ ಕಂಬೀಪುರದಲ್ಲಿ ಡಿಸ್ಟಿಲರಿ, ಮಿಲಿಟರಿ ಕ್ಯಾಂಟೀನಿಗೆ ಕೊಡುವ ರಮ್ಮಿನಿಂದ ಹೆಸರಾದದ್ದು. ಅವರ ಸಿಂಗಲ್ ಮಾಲ್ಟ್ ಮೊದಲು ಬಿಡುಗಡೆಯಾದದ್ದು 2004ರ ಆಗಸ್ಟ್‌ನಲ್ಲಿ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ! ಬೆಂಗಳೂರಿನವರಿಗೆ ಅಂಗಡಿಯಲ್ಲಿ ಸಿಕ್ಕದ್ದು 2010ಕ್ಕೆ. ಅಷ್ಟರಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ತಮ್ಮ 2010ರ ವಿಸ್ಕಿ ಬೈಬಲ್‌ನಲ್ಲಿ ಫ್ಯೂಷನ್ನಿಗೆ ನೂರಕ್ಕೆ 97 ಕೊಟ್ಟು ಜಗತ್ತಿನ ಮೂರನೆಯ ಸ್ಥಾನದಲ್ಲಿ ಕೂರಿಸಿದ್ದರು. ಊರವರಿಗೆ ಸಿಗುವ ಮೊದಲೇ ಪರದೇಶದವರು ಮೆಚ್ಚಬೇಕಾಯಿತು ಎಂಬುದು ನಮ್ಮ ಗಿರಾಕಿಗಳ ಬಗ್ಗೆಯೂ ಒಂದು ಮಾತು ಹೇಳುತ್ತದೆ.

ಕುಡಿದರೆ? ಸಾದಾ ಅಮೃತ್ ಒಳ್ಳೆಯದೇ, ಆದರೆ ಅದರಲ್ಲಿ ಮರದ ಒಗರು ಮುಂದೆ ನಿಲ್ಲುತ್ತದೆ. ಮೊದಲ ಗುಟುಕಿಗೆ ಜೇನು, ಆಮೇಲೆ ಬಾಯಿ ಒಣಗಿದ ಹಾಗೆ. ನೀರು ಕಡಿಮೆಯಾದರೆ ಖಾರ. ಫ್ಯೂಷನ್ನಿನಲ್ಲಿ ಮುಕ್ಕಾಲು ಪಾಲು ನಮ್ಮ ಉತ್ತರದ ಬಾರ್ಲಿ, ಕಾಲು ಪಾಲು ಪೀಟ್ ಮಣ್ಣಿನ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿ. ಎರಡನ್ನೂ ಬೇರೆ ಬೇರೆ ಮಾಗಿಸಿ ಆಮೇಲೆ ಬೆರೆಸಿ ಮತ್ತೆ ಪೀಪಾಯಿಗೆ ಹಾಕುತ್ತಾರೆ. ಆ ಹೊಗೆ ಮೂಗಿಗೆ ರಾಚುವುದಿಲ್ಲ. ಕಿತ್ತಳೆ ಸಿಪ್ಪೆ, ಸುಟ್ಟ ಸಕ್ಕರೆಯ ಪರಿಮಳ ಹೋದ ಮೇಲೆ, ನೀರೊಲೆ ಆರಿದ ಬಚ್ಚಲಿನಲ್ಲಿ ಉಳಿದ ಹೊಗೆಯಂತೆ ಹಿಂದಿನಿಂದ ಬರುತ್ತದೆ, ತುಂಬ ಹೊತ್ತು ಇರುತ್ತದೆ. ಎರಡರ ನಡುವಿನ ಬೆಲೆಯ ಅಂತರಕ್ಕಿಂತ ರುಚಿಯ ಅಂತರ ದೊಡ್ಡದು.

ಉಳಿದವನ್ನು ಬೇಗ ಹೇಳಿ ಮುಗಿಸುತ್ತೇನೆ. ಟೆಟ್ರಾ ಪ್ಯಾಕಿನ ‘ಓಸಿ’ ಎಂದರೆ ಕೆಜಿಎಫ್‌ನಲ್ಲಿ ಯಾರಿಗೂ ವಿವರಣೆ ಬೇಡ. ಆ ಒರಿಜಿನಲ್ ಚಾಯ್ಸ್ ಮಾಡುವ ಬೆಂಗಳೂರಿನ ಜಾನ್ ಡಿಸ್ಟಿಲರೀಸ್‌ನವರೇ ಗೋವಾದಲ್ಲಿ ಪಾಲ್ ಜಾನ್ ಸಿಂಗಲ್ ಮಾಲ್ಟ್ ಬಟ್ಟಿ ಇಳಿಸುವುದು, 2012ರಲ್ಲಿ ಲಂಡನ್ನಿನಲ್ಲಿ ಬಿಡುಗಡೆಯಾಯಿತು. ಅದರ ‘ಬ್ರಿಲಿಯನ್ಸ್’ 46ರದು, ಸಿಹಿ ಮುಂದು, ಸಿಂಗಲ್ ಮಾಲ್ಟಿಗೆ ಹೊಸಬರಿಗೆ ಅಮೃತ್‌ಗಿಂತ ಸಲೀಸು. ‘ನಿರ್ವಾಣ’ ಅಗ್ಗ, 46ಕ್ಕಿಂತ ಕೆಳಗೆ, ನನಗೆ ತೆಳು ಅನಿಸಿತು. ಹರಿಯಾಣದ ‘ಇಂದ್ರಿ ಟ್ರಿನಿ’ಯನ್ನು ಬರ್ಬನ್, ವೈನ್, ಶೆರ್ರಿ ಮೂರು ಬಗೆಯ ಪೀಪಾಯಿಗಳಲ್ಲಿ ಮಾಗಿಸುತ್ತಾರೆ, ಅದೂ 46. ಆದರೆ 2023ರಲ್ಲಿ ದೊಡ್ಡ ಸುದ್ದಿ ಮಾಡಿದ ಪ್ರಶಸ್ತಿ ಬಂದದ್ದು ಆ ಕಂಪನಿಯ ದೀಪಾವಳಿ ವಿಶೇಷ ಬಾಟ್ಲಿಗೆ, ಟ್ರಿನಿಗಲ್ಲ. ಪದಕದ ಸುದ್ದಿ ಓದಿ ಕೊಳ್ಳುವಾಗ ಪದಕ ಯಾವ ಬಾಟ್ಲಿಗೆ ಎಂದು ನೋಡಬೇಕು.

ನಮ್ಮ ಕಡೆಯ ಅಂಗಡಿಯಲ್ಲಿ ಇಂಥ ಸರಕು ನಿಧಾನಕ್ಕೆ ಖರ್ಚಾಗುತ್ತದೆ. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿ ತಿಂಗಳುಗಟ್ಟಲೆ ನಿಂತ ಬಾಟ್ಲಿ ಬೇಡ. ಡಬ್ಬ ತೆಗೆಸಿ, ಮುಚ್ಚಳದ ಮೇಲಿನ ಅಬಕಾರಿ ಲೇಬಲ್ ಹರಿದಿದೆಯೇ, ಕತ್ತಿನ ಮಟ್ಟಕ್ಕೆ ದ್ರವ ಇದೆಯೇ ನೋಡಿ. ಖಾಲಿ ಸ್ಕಾಚ್ ಬಾಟ್ಲಿಗೆ ಗುಜರಿಯವರು ಒಳ್ಳೆಯ ಬೆಲೆ ಕೊಡುತ್ತಾರೆಂದರೆ ಅದು ಎಲ್ಲಿಗೆ ಹೋಗುತ್ತದೆಂದು ಒಂದು ಕ್ಷಣ ಯೋಚಿಸಿ, ಲೇಬಲ್ ಕಿತ್ತು ಕೊಡಿ. ಎಂಆರ್‌ಪಿ ಅಂಗಡಿಯಲ್ಲೇ ಕೊಳ್ಳಿ. ಬಾರಿನಲ್ಲಿ ಪೆಗ್ಗಿನ ಲೆಕ್ಕದಲ್ಲಿ ಕುಡಿದರೆ ಮೇಲಿನ ಲೆಕ್ಕವೆಲ್ಲ ನೀರುಪಾಲು. ಮಿಲಿಟರಿ ಕೋಟಾದ ಬಾಟ್ಲಿ ಎಂದು ಯಾರಾದರೂ ಕಿವಿಯಲ್ಲಿ ಹೇಳಿದರೆ, ಅದನ್ನು ಹೊರಗೆ ಮಾರುವುದು ಕಾನೂನಿಗೆ ವಿರುದ್ಧ, ಒಳಗೇನಿದೆಯೋ ಖಾತ್ರಿಯೂ ಇಲ್ಲ.

2024ರ ಆಗಸ್ಟ್‌ನಲ್ಲಿ ರಾಜ್ಯ ಸರ್ಕಾರ ದುಬಾರಿ ಮದ್ಯದ ಮೇಲಿನ ಸುಂಕ ಇಳಿಸಿದ ಮೇಲೆ ಮೇಲಿನ ಹಲಗೆಯ ಬಾಟ್ಲಿಗಳು ಒಂದಿಷ್ಟು ಹತ್ತಿರ ಬಂದಿವೆ. ಹಾಗಂತ ಒಬ್ಬರ ಸಂಬಳದಿಂದ ಸದರವಾಗಿ ಕೊಳ್ಳುವಷ್ಟೇನಲ್ಲ. ನಾಲ್ಕು ಜನ ಸ್ನೇಹಿತರು ದುಡ್ಡು ಹಾಕಿ ಒಂದು ಫ್ಯೂಷನ್ ತನ್ನಿ, ಸೋಡಾ, ಕೋಲಾ ದೂರ ಇಡಿ, ಅದನ್ನು ಒಂದೇ ರಾತ್ರಿ ಖಾಲಿ ಮಾಡಬೇಡಿ. ದುಡ್ಡು ಅಷ್ಟು ಕೂಡದಿದ್ದರೆ ಬ್ರಿಲಿಯನ್ಸ್ ಇಲ್ಲವೇ ಸಾದಾ ಅಮೃತ್. ಅದಕ್ಕೂ ಸಾಲದಿದ್ದರೆ 40ರ ಯಾವುದೋ ಮಾಲ್ಟಿಗೆ ಕೈಹಾಕದೆ ಮುಂದಿನ ತಿಂಗಳವರೆಗೆ ತಡೆಯಿರಿ.