ನದಿ, ಋತು, ಗಾಳ: ಹೇಗ್-ಬ್ರೌನನ ಒಂದು ಗ್ರಂಥ

ಮೃಗಯೆಯು ಕಾವ್ಯಕ್ಕೆ ವಸ್ತುವಾಗಬಹುದೇ ಎಂಬ ಪ್ರಶ್ನೆ ಹೊಸದಲ್ಲ. ಮನುವು ಅದನ್ನು ಕಾಮಜ ವ್ಯಸನಗಳ ಗಣನೆಯಲ್ಲಿ ಮೊದಲಿಗೇ ಇಟ್ಟನು. ಕಾಳಿದಾಸನು ಶಾಕುಂತಲದ ಎರಡನೆಯ ಅಂಕದಲ್ಲಿ ಸೇನಾಪತಿಯ ಬಾಯಿಂದ ಅದರ ಗುಣಗಳನ್ನು ಹೊಗಳಿಸಿದನಾದರೂ, ಮೊದಲನೆಯ ಅಂಕದಲ್ಲಿಯೇ ತಪಸ್ವಿಗಳಿಂದ ರಾಜನ ಬಾಣವನ್ನು ತಡೆಸಿಬಿಟ್ಟಿದ್ದನು. ರಘುವಂಶದ ಒಂಬತ್ತನೆಯ ಸರ್ಗದಲ್ಲಿ ದಶರಥನ ಬೇಟೆಯ ಸೊಬಗೆಲ್ಲವೂ ಮುನಿಕುಮಾರನ ಮರಣದಲ್ಲಿ ಪರ್ಯವಸಾನವಾಗುತ್ತದೆ. ಆದರೆ ಈ ವಾದವಿವಾದಗಳಲ್ಲೆಲ್ಲಾ ಜಿಂಕೆಗೂ ಆನೆಗೂ ಇರುವ ಸ್ಥಾನ ಮೀನಿಗಿಲ್ಲ. ಜಿಂಕೆಗೆ ಕಣ್ಣುಂಟು, ಕೂಗುಂಟು, ಮೀನು ಮೂಕಪ್ರಾಣಿ. ಶಾಕುಂತಲದ ಬೆಸ್ತನು ಸೀಳಿದ ರೋಹಿತಮತ್ಸ್ಯದಲ್ಲಿ ಸಹೃದಯನ ಗಮನವೆಲ್ಲಾ ಉಂಗುರದ ಮೇಲೆಯೇ ಹೊರತು ಮೀನಿನ ಮೇಲಲ್ಲ.

ಹೀಗಿರಲು, ಗಾಳವನ್ನೇ ವಸ್ತುವಾಗಿಟ್ಟುಕೊಂಡು, ಹನ್ನೆರಡು ತಿಂಗಳ ಋತುವರ್ಣನೆಯಾಗಿ ಹೆಣೆದ ಗದ್ಯಗ್ರಂಥವೊಂದು ಕನ್ನಡದ ವಾಚಕರ ಪರಾಮರ್ಶೆಗೆ ಅರ್ಹವಾಗಿದೆ. 1946ರಲ್ಲಿ ಪ್ರಕಟವಾದ ‘ಎ ರಿವರ್ ನೆವರ್ ಸ್ಲೀಪ್ಸ್’ ಎಂಬುದೇ ಆ ಗ್ರಂಥ; ಎಂದೂ ನಿದ್ರಿಸದ ನದಿ ಎಂದು ಅದರ ಹೆಸರನ್ನು ಕನ್ನಡಿಸಬಹುದು. ಕರ್ತೃ ರಾಡರಿಕ್ ಹೇಗ್-ಬ್ರೌನ್. ಈತನು 1908ರಲ್ಲಿ ಇಂಗ್ಲೆಂಡಿನ ಸಸೆಕ್ಸ್ ಪ್ರಾಂತದಲ್ಲಿ ಹುಟ್ಟಿದವನು. ತಂದೆಯು ಮೊದಲನೆಯ ಮಹಾಯುದ್ಧದಲ್ಲಿ ಮಡಿದನು. ಹುಡುಗನು ಡಾರ್ಸೆಟ್ ಸೀಮೆಯ ಫ್ರೋಮ್ ನದಿಯ ದಡದಲ್ಲಿ ಗಾಳ ಹಿಡಿಯಲು ಕಲಿತನು. ಹದಿಹರೆಯ ಕಳೆಯುವ ಮುನ್ನವೇ ಅಮೆರಿಕದ ಪಶ್ಚಿಮ ಕರಾವಳಿಗೆ ಹೋಗಿ ಮರ ಕಡಿಯುವವರ ಬಿಡಾರಗಳಲ್ಲಿ ದುಡಿದು, ಕಡೆಗೆ ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಕ್ಯಾಂಬೆಲ್ ನದಿಯ ದಂಡೆಯಲ್ಲಿ ಮನೆಮಾಡಿದನು. ಅಲ್ಲಿ ದೀರ್ಘಕಾಲ ನ್ಯಾಯಾಧಿಕಾರಿಯಾಗಿದ್ದು 1976ರಲ್ಲಿ ತೀರಿಕೊಂಡನು. ಹಗಲು ತೀರ್ಪು ಹೇಳಿ ಸಂಜೆ ಗಾಳ ಬೀಸಿದ ಈ ಮನುಷ್ಯನ ವಾಕ್ಯಗಳಲ್ಲಿ ಎರಡು ವೃತ್ತಿಗಳ ಲಕ್ಷಣವೂ ಉಂಟು: ಸಾಕ್ಷ್ಯವಿಲ್ಲದೆ ಮಾತಾಡುವುದಿಲ್ಲ, ಆತುರಪಡುವುದೂ ಇಲ್ಲ.

ಗ್ರಂಥವು ಜನವರಿಯಿಂದ ಮೊದಲಾಗಿ ಡಿಸೆಂಬರಿನಲ್ಲಿ ಮುಗಿಯುತ್ತದೆ. ಋತುಸಂಹಾರವು ಗ್ರೀಷ್ಮದಿಂದ ಹೊರಡುವುದನ್ನು ಬಲ್ಲವರಿಗೆ ಶಿಶಿರದ ನಡುವೆ ಬಾಗಿಲು ತೆರೆಯುವ ಈ ಕ್ರಮ ನೀರಸವಾಗಿ ತೋರಬಹುದು. ಆದರೆ ಆ ಕರಾವಳಿಯ ಋತುಧರ್ಮವನ್ನು ತಿಳಿದರೆ ಸಂದೇಹ ಪರಿಹಾರವಾಗುತ್ತದೆ. ಅಲ್ಲಿ ಬೇಸಿಗೆಯೇ ಒಣಗಾಲ. ಮಳೆ ಸುರಿಯುವುದು ಶರತ್ತಿನ ಕೊನೆಯಿಂದ ಚಳಿಗಾಲದುದ್ದಕ್ಕೂ. ಆದ್ದರಿಂದ ಹೇಮಂತ ಶಿಶಿರಗಳೇ ಅಲ್ಲಿಯ ವರ್ಷರ್ತು. ನೆಲವೆಲ್ಲ ಸತ್ತಂತೆ ಬಿದ್ದಿರುವಾಗ ನದಿಯೊಂದೇ ತುಂಬಿ ಎಚ್ಚತ್ತಿರುತ್ತದೆ. ಆ ತುಂಬಿದ ನೀರನ್ನೇರಿ ಸಮುದ್ರದಿಂದ ಮೀನು ಬರುತ್ತದೆ. ಗ್ರಂಥದ ಹೆಸರಿನ ಔಚಿತ್ಯ ಇಲ್ಲಿದೆ.

ಜನವರಿಯಲ್ಲಿ ಬರುವ ಆ ಮೀನು ಸ್ಟೀಲ್‌ಹೆಡ್. ಅದು ಬೇರೆ ಜಾತಿಯದಲ್ಲ. ಹೊಳೆಯಲ್ಲಿಯೇ ಬಾಳುವ ರೇನ್‌ಬೋ ಟ್ರೌಟ್ ಮೀನಿನಲ್ಲಿ ಸಮುದ್ರಕ್ಕೆ ಹೋಗಿ ಬೆಳೆದು ಮರಳುವ ಪಂಗಡಕ್ಕೆ ಆ ಹೆಸರು. ಇಂಗ್ಲಿಷರು ನೀಲಗಿರಿಯ ಹೊಳೆಗಳಿಗೆ ತಂದುಬಿಟ್ಟ ಟ್ರೌಟೂ ಇದೇ ಕುಲದ್ದು, ಆದರೆ ಅದು ಮನೆ ಬಿಟ್ಟು ಹೋಗದ ಕೂಸು. ಸ್ಟೀಲ್‌ಹೆಡ್ಡುಗಳಲ್ಲಿ ಚಳಿಗಾಲಕ್ಕೆ ಏರುವವೂ ಬೇಸಿಗೆಗೆ ಏರುವವೂ ಎಂದು ಎರಡು ಬಗೆ. ಸಾಲ್ಮನ್‌ಗಳಲ್ಲಿ ಚಿನೂಕ್, ಕೋಹೋ, ಸಾಕೈ, ಪಿಂಕ್, ಚಮ್ ಎಂದು ಐದು ಜಾತಿಗಳು ಆ ನದಿಗಳಿಗೆ ತಮ್ಮ ತಮ್ಮ ತಿಂಗಳಲ್ಲಿ ಬರುತ್ತವೆ. ಈ ಐದೂ ಮೊಟ್ಟೆಯಿಟ್ಟೊಡನೆ ಸಾಯುತ್ತವೆ. ಸ್ಟೀಲ್‌ಹೆಡ್ಡುಗಳಲ್ಲಿ ಕೆಲವು ಬದುಕುಳಿದು ಮತ್ತೆ ಸಮುದ್ರವನ್ನು ಕಾಣುತ್ತವೆ. ಹುಟ್ಟಿದ ತೊರೆಯನ್ನೇ ಅವು ಹೇಗೆ ಗುರುತಿಸುತ್ತವೆ ಎಂಬುದು ಹೇಗ್-ಬ್ರೌನನು ಬರೆಯುವ ಕಾಲಕ್ಕೆ ಇನ್ನೂ ಒಗಟಾಗಿತ್ತು. 1951ರಲ್ಲಿ ಹಾಸ್ಲರ್ ಮತ್ತು ವಿಸ್ಬಿ ಎಂಬ ವಿಜ್ಞಾನಿಗಳು ನೀರಿನ ವಾಸನೆಯ ನೆನಪೇ ದಾರಿತೋರುವುದೆಂಬ ಸಿದ್ಧಾಂತವನ್ನು ಮುಂದಿಟ್ಟರು. ಪೂರ್ವಜನ್ಮದ ವಾಸನೆ ಎನ್ನುವಾಗ ಸಂಸ್ಕೃತವು ಒಂದೇ ಶಬ್ದದಿಂದ ಗಂಧವನ್ನೂ ಸಂಸ್ಕಾರವನ್ನೂ ಹೇಳುವುದನ್ನು ಇಲ್ಲಿ ನೆನೆದರೆ ತಪ್ಪಾಗಲಾರದು.

ಇನ್ನು ಗಾಳದ ವಿಚಾರ. ಶಬ್ದದಿಂದ ಜಿಂಕೆಯೂ, ಸ್ಪರ್ಶದಿಂದ ಆನೆಯೂ, ರೂಪದಿಂದ ಪತಂಗವೂ, ಗಂಧದಿಂದ ದುಂಬಿಯೂ, ರಸದಿಂದ ಮೀನೂ ಕೆಡುವುವೆಂದು ಪಾಠಶಾಲೆಯ ಮಕ್ಕಳೂ ಬಲ್ಲರು. ಆ ದೃಷ್ಟಾಂತ ಈ ನದಿಗಳಲ್ಲಿ ನಿಲ್ಲುವುದಿಲ್ಲ. ಮೊಟ್ಟೆಯಿಡಲು ನದಿಯೇರಿದ ಸಾಲ್ಮನ್ ಆಹಾರವನ್ನು ಬಿಟ್ಟಿರುತ್ತದೆ. ಸ್ಟೀಲ್‌ಹೆಡ್ ಕೂಡ ಬಹುತೇಕ ಉಪವಾಸಿ. ಗಾಳಕ್ಕೆ ಎರೆಯೂ ಇಲ್ಲ, ಬರಿಯ ಗರಿ, ರೋಮ, ರೇಷ್ಮೆಯ ನೂಲುಗಳನ್ನು ಸುತ್ತಿದ ಕೃತಕ ನೊಣ. ಆ ನೊಣಕ್ಕೆ ತೂಕವಿಲ್ಲವಾದ್ದರಿಂದ ಹುರಿಯ ಭಾರದಿಂದಲೇ ಅದನ್ನು ಹೊಳೆಗೆ ಅಡ್ಡಲಾಗಿ ಬೀಸಬೇಕು. ಅದು ಪ್ರವಾಹದಲ್ಲಿ ಬಾಗಿ ದಡದತ್ತ ತೇಲಿಬರುವವರೆಗೆ ಕಾಯಬೇಕು. ಒಂದೆರಡು ಹೆಜ್ಜೆ ಕೆಳಗಿಳಿದು ಮತ್ತೆ ಬೀಸಬೇಕು. ಸೊಂಟದವರೆಗೆ ಹಿಮದಂತಹ ನೀರು. ಸ್ಟೀಲ್‌ಹೆಡ್ಡನ್ನು ಸಾವಿರ ಎಸೆತಗಳ ಮೀನೆಂದು ಗಾಳಗಾರರು ಕರೆಯುವುದು ವಾಡಿಕೆ. ಹಸಿವಿಲ್ಲದ ಮೀನು ತಿನ್ನಲಾಗದ ವಸ್ತುವನ್ನು ಏಕೆ ಕಚ್ಚುತ್ತದೆ? ಕೋಪವೋ, ಎಳೆತನದ ಅಭ್ಯಾಸವೋ, ಬರಿಯ ಕುತೂಹಲವೋ, ಇಂದಿಗೂ ನಿಶ್ಚಯವಾಗಿಲ್ಲ. ರಸನೇಂದ್ರಿಯದಿಂದ ಕೆಡುವವನು ಇಲ್ಲಿ ಮೀನಲ್ಲ, ಗಾಳ ಹಿಡಿದವನು ಎಂದರೆ ವಿನೋದವಾದೀತು. ಆದರೆ ಗ್ರಂಥವನ್ನೋದಿದವರಿಗೆ ಅದು ಕೇವಲ ವಿನೋದವಾಗಿ ಉಳಿಯುವುದಿಲ್ಲ.

ಈ ಗ್ರಂಥದ ಪ್ರಧಾನರಸ ಯಾವುದು? ಮೀನು ಸಿಕ್ಕಿ ಸೆಣಸುವ ಸಂದರ್ಭಗಳನ್ನು ನೋಡಿ ವೀರವೆನ್ನುವವರುಂಟು. ಉತ್ಸಾಹವು ಅಲ್ಲಿ ಸ್ಥಾಯಿಯಾಗಿರುವುದೂ ಸುಳ್ಳಲ್ಲ. ಆದರೆ ಪುಟಗಳನ್ನು ಎಣಿಸಿದರೆ ಸೆಣಸಾಟ ಸ್ವಲ್ಪ, ಕಾಯುವುದೇ ಬಹಳ. ಕಾಣದ ಮೀನನ್ನು ನೀರಿನ ಬಣ್ಣ, ಕಲ್ಲಿನ ನೆರಳು, ಪ್ರವಾಹದ ಮಡಿಕೆಗಳಿಂದ ಊಹಿಸುವುದು, ಬಂದೀತೆಂಬ ಆಸೆ, ಬಾರದೆಂಬ ದೈನ್ಯ, ಹುರಿ ಅಲುಗಿತೆಂಬ ಭ್ರಮೆ, ಇವೆಲ್ಲ ಅಲಂಕಾರಿಕರು ವಿಪ್ರಲಂಭಕ್ಕೆ ಹೇಳಿದ ಸಂಚಾರಿಭಾವಗಳೇ ಆಗಿವೆ. ಮೀನು ಸಿಕ್ಕ ಗಳಿಗೆಯನ್ನು ಕರ್ತೃವು ಅನೇಕವೇಳೆ ಎರಡು ಮೂರು ವಾಕ್ಯಗಳಲ್ಲಿ ಮುಗಿಸಿಬಿಡುತ್ತಾನೆ. ವಿಪ್ರಲಂಭವಿಲ್ಲದೆ ಸಂಭೋಗವು ಪುಷ್ಟಿಯಾಗದೆಂಬ ಅಲಂಕಾರಿಕರ ಮಾತಿಗೆ ಕೆನಡಾದ ಚಳಿಯಲ್ಲಿ ಇಂತಹ ಉದಾಹರಣೆ ದೊರೆತೀತೆಂದು ಯಾರು ನಿರೀಕ್ಷಿಸಿದ್ದರು?

ದೋಷಗಳಿಲ್ಲವೆಂದಲ್ಲ. ತಿಂಗಳುಗಳ ಚೌಕಟ್ಟು ಎಲ್ಲೆಡೆಯೂ ಬಿಗಿಯಾಗಿ ಕೂತಿಲ್ಲ. ಪಶ್ಚಿಮ ಕರಾವಳಿಯ ನಿಂಪ್ಕಿಶ್ ನದಿಯಲ್ಲಿ ವಾಚಕನ ಮನಸ್ಸು ನೆಲೆಗೊಳ್ಳುವಷ್ಟರಲ್ಲಿ ಇಂಗ್ಲೆಂಡಿನ ಪೈಕ್ ಮೀನಿನ ನೆನಪುಗಳು ಬಂದು ಅಡ್ಡಗಟ್ಟುತ್ತವೆ. ಬಾಲ್ಯದ ಪ್ರಕರಣಗಳು ಬಿಡಿಯಾಗಿ ರಮ್ಯವೇ. ಆದರೆ ಋತುವಿನ ಅಂಗವಾಗಿ ಬಾರದೆ, ಬುಟ್ಟಿಯಲ್ಲಿ ಹಾಕಿದ ಹಣ್ಣಿನಂತೆ ಬಂದಿವೆ. ನೊಣಗಳ ಹೆಸರು, ಕೋಲಿನ ಉದ್ದ, ಹುರಿಯ ಬಗೆಗಳನ್ನು ಬಲ್ಲವರಿಗಾಗಿಯೇ ಬರೆದ ಭಾಗಗಳು ಇತರರಿಗೆ ನಿಘಂಟಿಲ್ಲದ ಶಾಸ್ತ್ರವಾಗಿ ತೋರುತ್ತವೆ. 1941ರಲ್ಲಿ ಇವನೇ ಬರೆದ ‘ರಿಟರ್ನ್ ಟು ದಿ ರಿವರ್’ ಎಂಬ ಕಥೆಯಲ್ಲಿ, ಕೊಲಂಬಿಯಾ ನದಿಯ ಒಂದು ಚಿನೂಕ್ ಮೀನಿನ ಜೀವಿತವನ್ನು ಮೊಟ್ಟೆಯಿಂದ ಮರಣದವರೆಗೆ ಹೇಳುವಲ್ಲಿ, ಈ ತೊಡಕಿಲ್ಲ. ಅಲ್ಲಿ ಮೀನೇ ನಾಯಿಕೆ. ಇಲ್ಲಿ ಗಾಳ ಹಿಡಿದವನೇ ನಾಯಕ. ಏಕಾಗ್ರತೆಯಲ್ಲಿ ಕಥೆಯೂ, ಅನುಭವದ ಸಾಂದ್ರತೆಯಲ್ಲಿ ಈ ಗ್ರಂಥವೂ ಮೇಲು.

ಇವುಗಳಿಗಿಂತ ದೊಡ್ಡ ಆಕ್ಷೇಪವೊಂದಿದೆ. ಗ್ರಂಥಾಂತ್ಯದಲ್ಲಿ ಕರ್ತೃವು ತನ್ನನ್ನು ತಾನೇ ಪರೀಕ್ಷಿಸಿಕೊಂಡು, ಮೀನು ಹಿಡಿಯುವುದೆಲ್ಲ ನದಿಯ ಸಮೀಪದಲ್ಲಿರಲು ಒಂದು ನೆಪವಾಗಿರಬಹುದೆಂಬ ಭಾವವನ್ನು ಸೂಚಿಸುತ್ತಾನೆ. ಬಹುಜನರು ಮೆಚ್ಚಿದ ಪುಟ ಅದು. ಮಾತು ಸುಂದರವಾಗಿದೆ, ಆದರೆ ಸುಲಭವಾಗಿ ಒಪ್ಪತಕ್ಕದ್ದಲ್ಲ. ನೆಪದ ಬೆಲೆಯನ್ನು ತೆರುವವನು ಗಾಳಗಾರನಲ್ಲ, ಮೀನು. ಹಿಡಿದ ಮೀನನ್ನು ಮತ್ತೆ ನೀರಿಗೆ ಬಿಡುವ ಪದ್ಧತಿ ಈಗ ಆ ದೇಶದಲ್ಲಿ ಬಳಕೆಗೆ ಬಂದಿದೆ. ಅನೇಕ ನದಿಗಳಲ್ಲಿ ಕಾಡಿನ ಸ್ಟೀಲ್‌ಹೆಡ್ಡನ್ನು ಬಿಡಲೇಬೇಕೆಂಬ ವಿಧಿಯೂ ಉಂಟು. ಬಿಟ್ಟರೂ ಬಾಯಿ ಹರಿದದ್ದು ಹರಿದದ್ದೇ ಎಂದು ಒಬ್ಬರು ಹೇಳಿದರೆ ಇನ್ನೊಬ್ಬರು ಅಲ್ಲಗಳೆಯುವುದು ಕಷ್ಟ. ಶೃಂಗೇರಿಯಲ್ಲಿ ತುಂಗೆಯ ಸೋಪಾನಗಳ ಮೇಲೆ ನಿಂತು ಮೀನುಗಳಿಗೆ ಮಂಡಕ್ಕಿಯನ್ನು ಎರಚಿದ ಯಾತ್ರಿಕನು, ಗಾಳವಿಲ್ಲದೆಯೂ ನದಿಯ ಸಮೀಪವಿರಬಹುದಲ್ಲ ಎಂದೇ ಕೇಳುವನು.

ಆದರೆ ಇಲ್ಲಿಗೇ ತೀರ್ಪು ಕೊಟ್ಟರೆ ಅನ್ಯಾಯವಾದೀತು. ದಡದಲ್ಲಿ ನಿಂತು ನೋಡುವವನು ನೀರಿನ ಮೇಲ್ಮೈಯನ್ನು ಕಾಣುತ್ತಾನೆ. ಗಾಳ ಹಿಡಿದವನು ಅದರ ಒಳಗನ್ನು ಓದಲು ಕಲಿಯಲೇಬೇಕಾಗುತ್ತದೆ. ಯಾವ ತಿಂಗಳಲ್ಲಿ ಯಾವ ಮೀನು ಬಾರದೆ ಹೋಯಿತೆಂಬುದನ್ನು ಮೊದಲು ಅರಿತವರು ಅವರೇ. 1947ರಲ್ಲಿ ಕ್ಯಾಂಬೆಲ್ ನದಿಗೇ ಜಾನ್ ಹಾರ್ಟ್ ಅಣೆಕಟ್ಟು ಬಂದಿತು. ಮುಂದಿನ ದಶಕದಲ್ಲಿ ಬಟ್ಲ್ ಸರೋವರವನ್ನು ಅಣೆಕಟ್ಟಿನಿಂದ ಏರಿಸುವುದನ್ನು ಹೇಗ್-ಬ್ರೌನನು ಬಹಿರಂಗವಾಗಿ ವಿರೋಧಿಸಿ ಸೋತನು. ಹೀಗೆ 1946ರ ಈ ಗ್ರಂಥವು, ಕರ್ತೃವು ಉದ್ದೇಶಿಸದೆಯೇ, ಕಟ್ಟೆಗೆ ಮುಂಚಿನ ಒಂದು ನದಿಯ ವರ್ಷವನ್ನು ದಾಖಲೆಮಾಡಿಟ್ಟಿದೆ. 2018ರಲ್ಲಿ ಥಾಮ್ಸನ್ ಮತ್ತು ಚಿಲ್ಕೋಟಿನ್ ನದಿಗಳ ಸ್ಟೀಲ್‌ಹೆಡ್ ಕುಲವು ಅಳಿವಿನ ಅಂಚಿನಲ್ಲಿದೆಯೆಂದು ಕೆನಡಾದ ತಜ್ಞರ ಸಮಿತಿ ತುರ್ತಾಗಿ ವರದಿಯಿತ್ತಿತು. 2019ರಲ್ಲಿ ಸರ್ಕಾರವು ಅದನ್ನು ರಕ್ಷಿತಪಟ್ಟಿಗೆ ಸೇರಿಸಲು ಒಪ್ಪಲಿಲ್ಲ. ಇದನ್ನು ತಿಳಿದು ಜನವರಿಯ ಅಧ್ಯಾಯವನ್ನು ಓದುವವನಿಗೆ ವಿಪ್ರಲಂಭವು ಕರುಣಕ್ಕೆ ತಿರುಗುತ್ತದೆ. ಮತ್ತೆ ಸೇರುವ ಆಸೆ ಇರುವವರೆಗೆ ಮಾತ್ರ ವಿಪ್ರಲಂಭ, ಆಸೆ ಅಡಗಿದರೆ ಕರುಣ, ಎಂದಲ್ಲವೆ ಶಾಸ್ತ್ರದ ವಿವೇಚನೆ? ಆಸೆ ಪೂರ್ಣವಾಗಿ ಅಡಗಿಲ್ಲ. ದಕ್ಷಿಣದ ಕ್ಲಾಮತ್ ನದಿಯ ನಾಲ್ಕು ಕಟ್ಟೆಗಳನ್ನು ಕೆಡವುವ ಕಾರ್ಯ 2024ರಲ್ಲಿ ಮುಗಿಯಿತು. ಅದೇ ಶರತ್ತಿನಲ್ಲಿ ಚಿನೂಕ್ ಮೀನುಗಳು ಆ ಕಟ್ಟೆಗಳಿದ್ದ ಜಾಗವನ್ನು ದಾಟಿ ಮೇಲೇರಿದವು.

ಕನ್ನಡನಾಡಿಗೆ ಈ ವಿಷಯ ಪರಕೀಯವೆಂದು ಯಾರೂ ಭಾವಿಸಬೇಕಾಗಿಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು ಸುಮಾರು 1130ರಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಮತ್ಸ್ಯವಿನೋದವೆಂಬ ಅಧ್ಯಾಯವೇ ಉಂಟು. ಮೀನುಗಳ ಬಗೆ, ಅವಕ್ಕೆ ಒಪ್ಪುವ ಆಹಾರ, ಕೋಲು, ಹುರಿ, ಬಡಿಶಗಳ ವಿಧಿಗಳೆಲ್ಲ ಅಲ್ಲಿವೆ. ಎಚ್. ಎಸ್. ಥಾಮಸ್ ಎಂಬ ಇಂಗ್ಲಿಷ್ ಅಧಿಕಾರಿಯ ‘ದಿ ರಾಡ್ ಇನ್ ಇಂಡಿಯಾ’ ಮಂಗಳೂರಿನಲ್ಲಿಯೇ 1873ರಲ್ಲಿ ಅಚ್ಚಾಯಿತು. ಆತನು ವಿನೋದದಲ್ಲಿ ಮಹಶೀರ್ ಮೀನನ್ನು ಸಾಲ್ಮನ್‌ಗಿಂತ ಮೇಲೆ ಇಟ್ಟನು. ಆದರೆ ಸೋಮೇಶ್ವರನದು ರಾಜಭೋಗದ ಶಾಸ್ತ್ರ, ಥಾಮಸನದು ಕೈಪಿಡಿ. ಇಬ್ಬರಲ್ಲಿಯೂ ನದಿಯು ಮೀನಿಗೆ ಆಧಾರಪಾತ್ರೆ ಮಾತ್ರ. ಹೇಗ್-ಬ್ರೌನನಲ್ಲಿ ಅದು ಆಲಂಬನವೇ ಆಗಿದೆ. ಅವನ ಗ್ರಂಥ ಶಾಸ್ತ್ರವನ್ನು ದಾಟಿ ಸಾಹಿತ್ಯವಾದದ್ದು ಈ ಒಂದು ವ್ಯತ್ಯಾಸದಿಂದ.

ಇದನ್ನು ಕನ್ನಡಕ್ಕೆ ತರಲು ಯಾರಾದರೂ ಮನಸ್ಸು ಮಾಡಿದರೆ ಮೊದಲ ತೊಡಕು ಶಬ್ದಗಳದು. ಮೀನು ಕಡಲಿನಿಂದ ಗುಂಪಾಗಿ ನದಿಯೇರುವುದಕ್ಕೆ ಇಂಗ್ಲಿಷಿನಲ್ಲಿ ‘ರನ್’ ಎಂಬ ಪುಟ್ಟ ಮಾತಿದೆ. ಓಟವೆಂದರೆ ನಗೆಗೀಡಾಗುತ್ತದೆ, ಆರೋಹಣವೆಂದರೆ ಭಾರವಾಗುತ್ತದೆ. ಮಲೆನಾಡಿನವರು ಮೊದಲ ಮಳೆಗೆ ಹೊಳೆಯಿಂದ ಹಳ್ಳಕ್ಕೂ ಗದ್ದೆಗೂ ಮೊಟ್ಟೆಯಿಡಲು ಏರಿಬರುವ ಮೀನನ್ನು ಹತ್ತುಮೀನು ಎನ್ನುತ್ತಾರೆ. ಆ ಮಾತಿನಿಂದ ‘ಮೀನು ಹತ್ತುವ ಕಾಲ’ ಎಂದು ಮಾಡಿಕೊಂಡರೆ ಜನವರಿಯ ಸ್ಟೀಲ್‌ಹೆಡ್ಡಿಗೂ ಸಾಲುತ್ತದೆ, ಶರತ್ತಿನ ಚಿನೂಕಿಗೂ ಸಾಲುತ್ತದೆ.