ಬಿರುದು ಓದಿ ಗಾಡಿ ನಿಲ್ಲಿಸಿ

ಬೆಂಗಳೂರಿನಿಂದ ಬೆಳಗಾವಿಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಸುಮಾರು 500 ಕಿ.ಮೀ. ದಾರಿಯುದ್ದಕ್ಕೂ ಸಿಗುವ ಊರುಗಳಿಗೆ ಒಂದೊಂದು ಬಿರುದು. ಅಲ್ಲಿನ ಜನ ಅಭಿಮಾನದಿಂದ ಹೇಳಿಕೊಳ್ಳುವ ಹೆಸರುಗಳಿವು. ಒಂದೇ ದಿನದಲ್ಲಿ ಬೆಳಗಾವಿ ಮುಟ್ಟಬೇಕಾದವರಿಗೆ ತಿಂಡಿ, ಊಟದ ಹೊತ್ತು ಕಳೆದರೆ ಒಂದು ಕಡೆ ಮಾತ್ರ ನೆಮ್ಮದಿಯಾಗಿ ಇಳಿದು ನೋಡಲು ಬಿಡುವು. ಆ ಒಂದು ಜಾಗ ಯಾವುದು? ಬಿರುದುಗಳನ್ನೇ ಪೋಣಿಸಿ ನಾನು ಬರೆದುಕೊಂಡ ಆರು ಸಾಲು ಇಲ್ಲಿವೆ, ಕೆಳಗೆ ಅವುಗಳ ವಿವರಣೆ.

ಕಲ್ಪತರು ನಾಡಿನಲ್ಲಿ ತಲೆಯೆತ್ತಿ ನೋಡು,
ಕೋಟೆನಾಡಿಗೆ ಅರ್ಧ ದಿನ ಕೊಡು,
ಬೆಣ್ಣೆನಗರಿಗೆ ಹಸಿದು ಬಾ,
ಏಲಕ್ಕಿ ನಾಡಿನಲ್ಲಿ ಗಿಡ ಹುಡುಕಬೇಡ,
ವಿದ್ಯಾಕಾಶಿಯಲ್ಲಿ ಸಾಧನಕೇರಿ ಕೇಳು,
ಕುಂದಾನಗರಿಗೆ ಮುನ್ನ ಕಿತ್ತೂರಿಗೆ ಕೈಮುಗಿ.

ಕಲ್ಪತರು ನಾಡಿನಲ್ಲಿ ತಲೆಯೆತ್ತಿ ನೋಡು

ತುಮಕೂರಿಗೆ ಈ ಬಿರುದು ಬಂದದ್ದು ತೆಂಗಿನಿಂದ. ಆದರೆ ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ತಿಪಟೂರು ಈ ಹೆದ್ದಾರಿಯಲ್ಲಿ ಸಿಗುವುದಿಲ್ಲ, ಅದಕ್ಕೆ ಅರಸೀಕೆರೆಯ ರಸ್ತೆ ಹಿಡಿಯಬೇಕು. ತಲೆಯೆತ್ತಿ ನೋಡು ಎಂದದ್ದು ತೆಂಗಿನ ಗೊನೆಗಷ್ಟೇ ಅಲ್ಲ, ಶಿರಾಕ್ಕೆ ಹೋಗುವಾಗ ಸಿಗುವ ಸೀಬಿಯ ನರಸಿಂಹ ದೇವಸ್ಥಾನಕ್ಕೂ. ಅಲ್ಲಿ ಮಂಟಪದ ಚಾವಣಿಯ ತುಂಬ ಬಣ್ಣದ ಚಿತ್ರಗಳಿವೆ. ಪುರಾಣದ ಕಥೆಗಳ ಪಕ್ಕದಲ್ಲೇ ಆ ಕಾಲದ ದರ್ಬಾರು, ಮೆರವಣಿಗೆ. ಕತ್ತು ನೋಯುವವರೆಗೆ ನೋಡಿದರೂ ಮುಗಿಯುವುದಿಲ್ಲ. ಬಿರುದಿನಲ್ಲಿ ಇದಕ್ಕೆ ಜಾಗ ಸಿಕ್ಕಿಲ್ಲವಾದ್ದರಿಂದ ಗಾಡಿಗಳು ಸುಮ್ಮನೆ ದಾಟಿ ಹೋಗುತ್ತವೆ.

ಕೋಟೆನಾಡಿಗೆ ಅರ್ಧ ದಿನ ಕೊಡು

ಬೆಂಗಳೂರಿನಿಂದ ಚಿತ್ರದುರ್ಗಕ್ಕೆ 200 ಕಿ.ಮೀ. ಬೆಳಗಿನ ಜಾವ ಹೊರಟರೆ ಬಿಸಿಲೇರುವ ಮೊದಲೇ ಕೋಟೆಯ ಬಾಗಿಲಲ್ಲಿ ಇರಬಹುದು. ಹೊತ್ತೇರಿದ ಮೇಲೆ ಬಂಡೆ ಕಾಯುತ್ತದೆ, ಹತ್ತುವುದು ಕಷ್ಟ. ಏಳು ಸುತ್ತಿನ ಕೋಟೆ ಎಂಬುದನ್ನು ಕಾಲಿನಿಂದಲೇ ಅರಿಯಬೇಕು. ಬಾಗಿಲು ದಾಟಿದೊಡನೆ ದಾರಿ ನೇರ ಹೋಗದೆ ತಿರುಗುತ್ತದೆ, ಮತ್ತೆ ತಿರುಗುತ್ತದೆ. ಓಡಿ ಬಂದು ಬಾಗಿಲು ಗುದ್ದಲು ಆನೆಗೂ ಇಲ್ಲಿ ಜಾಗವಿಲ್ಲ. ಒಳಗೆ ಮದ್ದು ಅರೆಯುತ್ತಿದ್ದ ಬೀಸುಕಲ್ಲುಗಳು, ಆಳೆತ್ತರದ ಬಂಡೆಗಳ ನಡುವೆ ಒಬ್ಬರು ಬಗ್ಗಿ ನುಸುಳಬಹುದಾದ ಓಬವ್ವನ ಕಿಂಡಿ. ಅಲ್ಲಿ ನಿಂತು ನೋಡಿದರೆ ಒನಕೆ ಹಿಡಿದ ಒಬ್ಬಳೇ ಹೆಂಗಸು ಸೈನಿಕರನ್ನು ತಡೆದ ಕಥೆ ನಂಬಲು ಕಷ್ಟವಾಗುವುದಿಲ್ಲ.

ನನಗೆ ಎಲ್ಲಕ್ಕಿಂತ ಹೆಚ್ಚು ಹಿಡಿಸಿದ್ದು ನೀರಿನ ಲೆಕ್ಕಾಚಾರ. ಮಳೆನೀರು ಮೇಲಿನ ಗೋಪಾಲಸ್ವಾಮಿ ಹೊಂಡ ತುಂಬಿ ಅಕ್ಕ ತಂಗಿ ಹೊಂಡಕ್ಕೆ ಇಳಿಯುತ್ತದೆ. ಅಲ್ಲಿಂದ ಕೆಳಗಿಳಿಯುತ್ತಾ ಊರೊಳಗಿನ ಸಂತೆ ಹೊಂಡ ಸೇರುತ್ತದೆ. ಮಳೆ ಕಡಿಮೆಯ ಈ ಸೀಮೆಯಲ್ಲಿ ಕೋಟೆ ಉಳಿಯಲು ಕಲ್ಲಿನಷ್ಟೇ ನೀರೂ ಬೇಕಿತ್ತು. 1779ರಲ್ಲಿ ದುರ್ಗ ಹೈದರಾಲಿಯ ಕೈಸೇರಿತು. ಮದಕರಿ ನಾಯಕನ ಆಳ್ವಿಕೆ ಮುಗಿದರೂ ಕಟ್ಟಿದವರ ಜಾಣ್ಮೆ ಇಂದಿಗೂ ನಿಂತಿದೆ.

ಬೆಣ್ಣೆನಗರಿಗೆ ಹಸಿದು ಬಾ

ದಾವಣಗೆರೆಯನ್ನು ಹಿಂದೆ ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು, ಹತ್ತಿಯ ಗಿರಣಿಗಳ ಕಾಲದ ಮಾತು. ಗಿರಣಿಗಳ ಸದ್ದು ಅಡಗಿತು, ಬೆಣ್ಣೆ ದೋಸೆಯ ಹೆಸರು ಮೇಲೆದ್ದಿತು. ಊರು ಬದಲಾದಂತೆ ಬಿರುದೂ ಬದಲಾಗುತ್ತದೆ. ಇಲ್ಲಿಗೆ ಖಾಲಿ ಹೊಟ್ಟೆಯಲ್ಲಿ ಬನ್ನಿ. ಆಲೂಗಡ್ಡೆ ಪಲ್ಯ, ಕಾಯಿ ಚಟ್ನಿಯೊಂದಿಗೆ ದೋಸೆ ತಿಂದು ಹೊರಡಿ. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಗೆ ಸಂಜೆಯೇ ಸರಿ.

ಏಲಕ್ಕಿ ನಾಡಿನಲ್ಲಿ ಗಿಡ ಹುಡುಕಬೇಡ

ಹಾವೇರಿಯ ಹೊಲದಲ್ಲಿ ಹತ್ತಿ, ಗೋವಿನಜೋಳ ಕಾಣುತ್ತವೆ, ಏಲಕ್ಕಿ ಕಾಣುವುದಿಲ್ಲ. ಅದು ಬೆಳೆಯುವುದು ಮಲೆನಾಡಿನ ನೆರಳಲ್ಲಿ. ಹಾಗಿದ್ದೂ ಬಿರುದು ಸುಳ್ಳಲ್ಲ. ಏಲಕ್ಕಿ ವ್ಯಾಪಾರ ನಡೆಯುತ್ತಿದ್ದ ಪೇಟೆ ಇದು. ಕಾಯಿಗಳನ್ನು ಒಂದೊಂದಾಗಿ ಪೋಣಿಸಿ, ನಡುವೆ ಮಣಿ, ಬಣ್ಣದ ಎಳೆ ಸೇರಿಸಿ ಹಾರ ಕಟ್ಟುವ ಕೈಕಸುಬು ಇಲ್ಲಿ ಇನ್ನೂ ಬದುಕಿದೆ. ಗಣ್ಯರ ಕೊರಳಿಗೆ ಬೀಳುವ ಹಾರ ಅದೇ. ನೆಲದ ಬೆಳೆಯಿಂದ ಬಂದ ಬಿರುದುಗಳ ನಡುವೆ ಇದು ಕೈಯ ದುಡಿಮೆಯಿಂದ ಉಳಿದದ್ದು, ಅದಕ್ಕೇ ನನಗೆ ಇದರ ಮೇಲೆ ಗೌರವ ಹೆಚ್ಚು. ಬಿಡುವಿದ್ದರೆ ಊರೊಳಗಿನ ಸಿದ್ಧೇಶ್ವರ ದೇವಸ್ಥಾನ ನೋಡಿ. ಚಾಲುಕ್ಯರ ಕಾಲದ ಗುಡಿ, ಪಶ್ಚಿಮಕ್ಕೆ ಮುಖ ಮಾಡಿದೆ. ಮಧ್ಯಾಹ್ನದ ನಂತರದ ಬಿಸಿಲು ಮುಂಭಾಗದ ಕೆತ್ತನೆಯ ಮೇಲೆ ಬೀಳುತ್ತದೆ.

ವಿದ್ಯಾಕಾಶಿಯಲ್ಲಿ ಸಾಧನಕೇರಿ ಕೇಳು

1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ, 1917ರಲ್ಲಿ ಕರ್ನಾಟಕ ಕಾಲೇಜು ಹುಟ್ಟಿದ ಧಾರವಾಡಕ್ಕೆ ಈ ಬಿರುದು ಒಪ್ಪುತ್ತದೆ. ಪೇಡೆ ಕಟ್ಟಿಸಿಕೊಂಡವರು ಬೇಂದ್ರೆಯವರು ಬಾಳಿದ ಸಾಧನಕೇರಿಗೂ ಹೋಗಿಬರಲಿ. ಆದರೆ ಇದು ಅವಸರದ ಊರಲ್ಲ, ರಾತ್ರಿ ಉಳಿಯುವವರಿಗೆ ಹೇಳಿದ್ದು.

ಕುಂದಾನಗರಿಗೆ ಮುನ್ನ ಕಿತ್ತೂರಿಗೆ ಕೈಮುಗಿ

ಹಾಲು ಕುದಿಸಿ ಕುದಿಸಿ ಮಾಡಿದ ಕುಂದಾ ಬೆಳಗಾವಿಯಲ್ಲಿ ಕಾದೇ ಇರುತ್ತದೆ. ಅದಕ್ಕೆ ಮೊದಲೇ ಹೆದ್ದಾರಿಯ ಪಕ್ಕದಲ್ಲಿ ಕಿತ್ತೂರು. 1824ರಲ್ಲಿ ರಾಣಿ ಚೆನ್ನಮ್ಮ ಕಂಪನಿ ಸೈನ್ಯವನ್ನು ಎದುರಿಸಿದ ನೆಲ. ಅರಮನೆಯ ಗೋಡೆಗಳು ಪಾಳುಬಿದ್ದರೂ ಅದರ ವಿಸ್ತಾರ ಇನ್ನೂ ತಿಳಿಯುತ್ತದೆ.

ಈಗ ತೀರ್ಮಾನ. ತೆಂಗು ಲಾರಿಯಲ್ಲಿ ನಮ್ಮೂರಿಗೇ ಬರುತ್ತದೆ. ಬೆಣ್ಣೆ ದೋಸೆ ಬೆಂಗಳೂರಿನಲ್ಲೂ ಸಿಗುತ್ತದೆ. ಏಲಕ್ಕಿ ಹಾರವನ್ನು ತರಿಸಿಕೊಳ್ಳಬಹುದು, ಪೇಡೆ, ಕುಂದಾ ಡಬ್ಬಿಯಲ್ಲಿ ಮನೆ ಸೇರುತ್ತವೆ. ಕೋಟೆಯನ್ನು ಮಾತ್ರ ಯಾರೂ ತಂದುಕೊಡಲಾರರು. ಬಿರುದು ಹೇಳಿದ್ದನ್ನು ಅಲ್ಲಿಗೆ ಹೋಗಿಯೇ ಪಡೆಯಬೇಕಾದ ಜಾಗದಲ್ಲಿ ಗಾಡಿ ನಿಲ್ಲಿಸುವುದು ಸರಿಯಾದ ಆಯ್ಕೆ. ಒಂದೇ ಕಡೆ ಇಳಿಯುವುದಾದರೆ ಚಿತ್ರದುರ್ಗದಲ್ಲಿ ಇಳಿಯಿರಿ. ಬರುವಾಗ ಇನ್ನೊಂದು ದಿನ ಕೈಯಲ್ಲಿದ್ದರೆ, ಬಿರುದೇ ಇಲ್ಲದೆ ಕಾಯುತ್ತಿರುವ ಸೀಬಿಗೆ ಅದನ್ನು ಕೊಡಿ.