ಅಡ್ಡಿಲ್ಲೆ ಅನ್ನೋ ಫೈವ್ ಸ್ಟಾರು

ಶಿರಸಿ ಕಡೆ ಊಟ-ತಿಂಡಿಗೆ ಸಿಗೋ ದೊಡ್ಡ ಸರ್ಟಿಫಿಕೇಟು ಅಂದ್ರೆ 'ಅಡ್ಡಿಲ್ಲೆ'. ಪರವಾಗಿಲ್ಲ ಅಂತ ಅರ್ಥ. ಮದುವೆಮನೆ ಹೋಳಿಗೆಗೂ ಅದೇ ಮಾತು, ಬಸ್‌ಸ್ಟ್ಯಾಂಡ್ ಹತ್ತಿರದ ಹಳೇ ಹೋಟೆಲ್ಲಿನ ಮಸಾಲೆ ದೋಸೆಗೂ ಅದೇ ಮಾತು. ಅದೇ ಹೋಟೆಲ್ಲಿಗೆ ಬೆಂಗಳೂರಿಂದ ವೀಕೆಂಡಿಗೆ ಬಂದ ನಮ್ಮವರು ಎರಡು ಸ್ಟಾರ್ ಕೊಟ್ಟು, 'ಸಾಂಬಾರು ಸಿಹಿ, ಆಂಬಿಯೆನ್ಸ್ ಇಲ್ಲ' ಅಂತ ಬರೆದಿರ್ತಾರೆ.

ಸಾಂಬಾರು ಸಿಹಿ ಅನ್ನೋದು ನಿಜ. ಹತ್ತು ಗಂಟೆ ಮೇಲೆ ಹೋದರೆ ಇಡ್ಲಿ ತಣ್ಣಗಿರುತ್ತದೆ ಅನ್ನೋದೂ ನಿಜ. ಆಂಬಿಯೆನ್ಸ್ ವಿಷಯ ಬಿಡಿ, ಅಡಿಕೆ ಮಾರಿ ಬಂದವರು ಚೀಲ ಕಾಲ ಬುಡದಲ್ಲಿಟ್ಟುಕೊಂಡು ಕೂರುವ ಜಾಗ ಅದು. ನನ್ನ ತಕರಾರು ಇರೋದು ಗೋಡೆ ಮೇಲಿನ ಬೋರ್ಡಿನ ಬಗ್ಗೆ.

ಶಿರಸಿ, ಸಿದ್ದಾಪುರ, ಯಲ್ಲಾಪುರ, ಎಲ್ಲೇ ಆಗಲಿ, ಹಳೇ ಸಸ್ಯಾಹಾರಿ ಹೋಟೆಲ್ಲಿನ ಬೋರ್ಡು ಓದಿ. ಮಸಾಲೆ ದೋಸೆ, ಬನ್ಸ್, ಗೋಳಿಬಜೆ ಕರಾವಳಿಯಿಂದ ಘಟ್ಟ ಹತ್ತಿ ಬಂದವು. ಶಿರಾ, ಮಿಸಳ್ ಆ ಕಡೆಯವು. 1862ರಿಂದ 1956ರವರೆಗೆ ನಮ್ಮ ಜಿಲ್ಲೆ ಮುಂಬೈ ಆಡಳಿತದಲ್ಲಿತ್ತಲ್ಲ, ಬೆಂಗಳೂರಿನ ಕೇಸರಿಬಾತು ನಮ್ಮಲ್ಲಿ ಶಿರಾ ಆಗಿರೋದು ಆ ನಂಟಿನಿಂದಲೇ ಇರಬೇಕು. ಒಟ್ಟಿನಲ್ಲಿ ಎಲ್ಲಾ ಊರಿನವೂ ಇವೆ, ನಮ್ಮೂರಿನದು ಮಾತ್ರ ಇಲ್ಲ. ತೆಳ್ಳೇವು ಇಲ್ಲ, ಜೋನಿ ಬೆಲ್ಲ ಇಲ್ಲ, ಅಪ್ಪೆಹುಳಿ ಇಲ್ಲ. ತಂಬುಳಿ ಕೆಲವು ಕಡೆ ಊಟದ ಜೊತೆ ಸಣ್ಣ ಬಟ್ಟಲಲ್ಲಿ ಬಂದರೂ, ಬೋರ್ಡಿನಲ್ಲಿ ಅದರ ಹೆಸರು ಬರೋದು ಅಪರೂಪ. (ನಾನು ಹೇಳ್ತಿರೋದು ಹವ್ಯಕರ ಅಡುಗೆಮನೆಯ ಮಾತು, ನನಗೆ ಗೊತ್ತಿರೋದು ಅದು. ಯಲ್ಲಾಪುರದ ಸಿದ್ದಿಗಳ ಅಡುಗೆಯಂತೂ ಯಾವ ಬೋರ್ಡಿನ ಹತ್ತಿರವೂ ಸುಳಿದಿಲ್ಲ.)

ಇದಕ್ಕೆ ಸರಿಯಾದ ಕಾರಣವೇ ಇತ್ತು. ಬೆಳಗಾದರೆ ಮನೆಯಲ್ಲಿ ತೆಳ್ಳೇವು ತಿನ್ನೋನು ಪೇಟೆಗೆ ಬಂದು ದುಡ್ಡು ಕೊಟ್ಟು ಅದನ್ನೇ ಯಾಕೆ ತಿಂತಾನೆ? ಮನೆಯಲ್ಲಿ ಮಾಡದ್ದನ್ನು ಕೊಡೋದೇ ಹೋಟೆಲ್ಲಿನ ಕೆಲಸವಾಗಿತ್ತು. ಮನೆ ತುಂಬ ಜನ ಇದ್ದ ಕಾಲದ ಲೆಕ್ಕ ಅದು.

ಈಗ ನಮ್ಮನೆಯಲ್ಲಿ ಆಯಿ-ಅಪ್ಪಯ್ಯ ಇಬ್ಬರೇ. ಅಕ್ಕಪಕ್ಕದ ಮನೆಗಳಲ್ಲೂ ಹೆಚ್ಚುಕಮ್ಮಿ ಅಷ್ಟೇ, ಮಕ್ಕಳೆಲ್ಲ ನಿಮ್ಮ ನನ್ನ ಹಾಗೆ ಬೆಂಗಳೂರಲ್ಲಿ. ಫೋನಲ್ಲಿ 'ಇವತ್ತು ಎಂತಾ ಅಡುಗೆ' ಅಂತ ಕೇಳಿದರೆ ಆಯಿ, 'ಇಬ್ರಿಗೆ ಎಂತಾ ರುಬ್ಬದು ತಮಾ' ಅಂತಾಳೆ. ಪೇಟೆಗೆ ಹೋದ ದಿನ ಇಬ್ಬರೂ ಹೋಟೆಲ್ಲಿಗೆ ಹೋಗ್ತಾರೆ. ಅಲ್ಲಿ ಸಿಗೋದು ಮಸಾಲೆ ದೋಸೆ, ಪೂರಿ, ಬಜೆ. ಎಣ್ಣೆ ಪದಾರ್ಥ ಕಮ್ಮಿ ಮಾಡಿ ಅಂತ ಡಾಕ್ಟರು ಹೇಳಿರ್ತಾರೆ. ಒಂದೆಲಗದ ತಂಬುಳಿ-ಅನ್ನ ಬೇಕು ಅಂದರೆ ಹೋಂಸ್ಟೇಗೆ ಹೋಗಬೇಕು. ಅಲ್ಲಿ ಅದು 'ಮಲೆನಾಡು ಪ್ಯಾಕೇಜ್'. ಆಯಿ ಪ್ಯಾಕೇಜ್ ತಗೊಳ್ಳೋಳಲ್ಲ.

ಹಳೇ ಹೋಟೆಲ್ಲು ಅಂದಕೂಡಲೇ ಏನೂ ಬದಲಾಗಬಾರದು ಅಂತ ನಾವು ಹಟ ಹಿಡೀತೀವಿ. 1943ರ ವಿದ್ಯಾರ್ಥಿ ಭವನದ ಮುಂದೆ ಭಾನುವಾರ ಬೆಳಿಗ್ಗೆ ಕ್ಯೂ ನಿಂತು, ದೋಸೆಗಿಂತ ಹೆಚ್ಚಾಗಿ ಆ 'ಬದಲಾಗದಿರುವಿಕೆ'ಯ ಫೋಟೋ ತೆಗೀತೀವಿ. ಆದರೆ 1924ರಲ್ಲಿ ಶುರುವಾದ ಎಂಟಿಆರ್ ನೋಡಿ. ಎರಡನೇ ಮಹಾಯುದ್ಧದ ಹೊತ್ತಿಗೆ ಅಕ್ಕಿ ಸಾಲದೇ ಬಂದಾಗ ರವೆಯಲ್ಲಿ ಇಡ್ಲಿ ಮಾಡಿದ್ದು ತಾವೇ ಅಂತ ಅವರು ಹೇಳಿಕೊಳ್ತಾರೆ. ರವಾ ಇಡ್ಲಿ ಹುಟ್ಟಿದ್ದು ಊರಿಗೆ ಏನೋ ಕೊರತೆ ಬಿದ್ದಾಗ. ನಮ್ಮ ಮೂರು ಪೇಟೆಗಳಿಗೆ ಈಗ ಬಿದ್ದಿರೋದು ಅಕ್ಕಿಯ ಕೊರತೆ ಅಲ್ಲ, ರುಬ್ಬುವ ಕೈಗಳದ್ದು.

ಕಷ್ಟ ಇಲ್ಲ ಅಂತ ಅಲ್ಲ. ತಂಬುಳಿಗೆ ಗ್ಯಾಸು ಹೆಚ್ಚು ಬೇಡ. ಸೊಪ್ಪು, ಕಾಯಿತುರಿ ರುಬ್ಬಿ, ಮಜ್ಜಿಗೆ ಸೇರಿಸಿ, ಒಗ್ಗರಣೆ ಕೊಟ್ಟರೆ ಆಯ್ತು. ಆದರೆ ಮಧ್ಯಾಹ್ನದ ಹೊತ್ತಿಗೆ ಹುಳಿ ಏರಿಬಿಡುತ್ತದೆ. ಸಾಂಬಾರಿನ ಹಾಗೆ ಸಂಜೆವರೆಗೆ ಕುದಿಸುತ್ತಾ ಇಡೋಕಾಗಲ್ಲ, ಉಳಿದದ್ದು ನಷ್ಟ. ತೆಳ್ಳೇವನ್ನೂ ಒಂದೊಂದೇ ಹುಯ್ಯಬೇಕು. ಕೆಲಸದವರು ಸಿಗದ ಕಾಲದಲ್ಲಿ ಹೋಟೆಲ್ ಮಾಲೀಕ ಹೆದರೋದು ಸಹಜ. ಬೋರ್ಡಿಡೀ ಬದಲಾಯಿಸಿ ಅಂತ ನಾನು ಕೇಳ್ತಿಲ್ಲ. ವಾರದ ಸಂತೆ ದಿನ, ಮಧ್ಯಾಹ್ನ ಒಂದೂವರೆವರೆಗೆ, ಒಂದು ಪಾತ್ರೆ ತಂಬುಳಿ ಮಾಡಿ, ರೇಟು ಹಾಕಿ ಮಾರಿ.

'ಮನೇದಕ್ಕೆ ಯಾರು ದುಡ್ಡು ಕೊಡ್ತಾರೆ' ಅನ್ನೋ ವಾದ ಬಂದೇ ಬರುತ್ತದೆ. ಕಷಾಯವೂ ಮನೇದೇ ಆಗಿತ್ತು. ಬಂದವರಿಗೆ ಆಸ್ರಿಗೆ ಕೇಳಿ ಪುಕ್ಕಟೆ ಕೊಡ್ತಿದ್ದದ್ದು. ಈಗ ಶಿರಸಿಯ ಹೋಟೆಲ್ಲಿನಲ್ಲಿ ಕೂತು 'ಒಂದು ಕಷಾಯ' ಅಂದರೆ ಚಾ, ಕಾಫಿ ತಂದಷ್ಟೇ ಸಲೀಸಾಗಿ ತಂದಿಡ್ತಾರೆ, ಬಿಲ್ಲಿಗೂ ಸೇರಿಸ್ತಾರೆ. ಇಷ್ಟು ವರ್ಷದಲ್ಲಿ ಅದಕ್ಕೆ ಜಗಳ ಆಡಿದವರನ್ನು ನಾನು ನೋಡಿಲ್ಲ.